ಪರ್ಸೆಂಟ್ ಕಡಿಮೆ ಬಂತು ಸರಿ, ಅಡಿಟಿಪ್ಪಣಿ ಯಾರದು?

ಇತಿಹಾಸದಲ್ಲಿ ಪಿಎಚ್‌ಡಿ ಮಾಡುವವರು ಅಧ್ಯಾಯ ತಂದುಕೊಟ್ಟಾಗ ಮೊದಲು ಹೇಳುವುದೇ ಪರ್ಸೆಂಟ್, ಅಂದರೆ ಬರಹ ಬೇರೆಯವರದಕ್ಕೆ ಎಷ್ಟು ಹೋಲುತ್ತದೆ ಅಂತ ಕೃತಿಚೌರ್ಯ ಹಿಡಿಯುವ ಸಾಫ್ಟ್‌ವೇರ್ ಕೊಡುವ ಲೆಕ್ಕ. 'ಮೇಡಂ, ಎಂಟೇ ಬಂತು!' 2018ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ಪ್ರಕಾರ ಹೋಲಿಕೆ ಶೇ. 10ರೊಳಗಿದ್ದರೆ ಶಿಕ್ಷೆಯಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಹಾಗಾಗಿ ಎಲ್ಲರ ಕಣ್ಣೂ ಆ ಹತ್ತರ ಮೇಲೆ.

ನಾನು ಮಾತ್ರ ಮೊದಲು ಅಡಿಟಿಪ್ಪಣಿ ನೋಡುತ್ತೇನೆ. ಗ್ರಂಥಋಣ, ಉಲ್ಲೇಖಗಳನ್ನು ಹೋಲಿಕೆಯ ಲೆಕ್ಕದಿಂದ ಬಿಡಬೇಕೆಂದು ಅದೇ ನಿಯಮ ಹೇಳುತ್ತದೆ. ಅದು ನ್ಯಾಯವೇ. ಆದರೆ ಇನ್ನೊಬ್ಬರ ಅಡಿಟಿಪ್ಪಣಿಯನ್ನೇ ಎತ್ತಿಕೊಂಡರೆ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ, ಅಲ್ವಾ?

ಶ್ರವಣಬೆಳಗೊಳದ ಶಾಸನಗಳನ್ನೇ ತೆಗೆದುಕೊಳ್ಳಿ. ಶಾಸನತಜ್ಞ ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದ ಸಂಪುಟದಲ್ಲಿದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಪರಿಷ್ಕರಿಸಿದಾಗ 500 ಆಯಿತು. 1973ರಲ್ಲಿ ಮೈಸೂರಿನಿಂದ ಬಂದ ಆವೃತ್ತಿಯಲ್ಲಿ 573. ಕ್ರಮಸಂಖ್ಯೆಗಳೂ ಅದಲುಬದಲಾದವು. ಮೂರೂ ಕರ್ನಾಟಕದ ಶಾಸನಗಳ ಸಂಪುಟಮಾಲೆಯ ಹೆಸರಿನಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕ, ಸಂಪುಟ 2' ಅಂತಲೇ ಕರೆಸಿಕೊಳ್ಳುತ್ತವೆ. ವರ್ಷ ಹಾಕದೆ ಸುಮ್ನೆ ಸಂಖ್ಯೆ ಬರೆದರೆ ಓದುವವರು ಯಾವುದನ್ನು ತೆಗೆದು ನೋಡಬೇಕು?

ಒಬ್ಬ ಹುಡುಗ ಹಳೆಯ ಪುಸ್ತಕವೊಂದರಿಂದ ಸಂಖ್ಯೆ ಇಳಿಸಿಕೊಂಡಿದ್ದ. ಗ್ರಂಥಋಣದಲ್ಲಿ ಮಾತ್ರ ಜಂಬವಾಗಿ 1973ರ ಆವೃತ್ತಿ. ಸಂಪುಟ ತೆಗೆದು ನೋಡಿದರೆ ಆ ಸಂಖ್ಯೆಯಲ್ಲಿ ಬೇರೆಯೇ ಶಾಸನ! ಅವನು ದಾನದ ಬಗ್ಗೆ ಬರೆದಿದ್ದರೆ, ಅಲ್ಲಿದ್ದದ್ದು ಯಾತ್ರಿಕರೊಬ್ಬರ ಹೆಸರು.

'ಸಂಪುಟ ನೋಡಿದ್ದೀಯೇನಪ್ಪಾ?'

'ಇಲ್ಲ ಮೇಡಂ, ಆ ಪುಸ್ತಕದಲ್ಲಿತ್ತು.'

ಹಾಗಿದ್ದರೆ ಹಾಗೇ ಬರೆಯಬಹುದಿತ್ತು. ಮೂಲದ ಸಂಖ್ಯೆ ಕೊಟ್ಟು, 'ಇಂಥ ಪುಸ್ತಕದಲ್ಲಿ ಉಲ್ಲೇಖಿತ, ಪುಟ ಇಷ್ಟು' ಅಂದರೆ ಮುಗಿಯಿತು. ಅದರಲ್ಲಿ ಅವಮಾನ ಏನೂ ಇಲ್ಲ. ಮೂಲ ಹುಡುಕಿದವರ ಶ್ರಮಕ್ಕೂ ಹೆಸರು ಸಿಗುತ್ತದೆ. ತಪ್ಪಿದ್ದರೆ ಅದು ಎಲ್ಲಿಂದ ಬಂತು ಅನ್ನುವುದೂ ತಿಳಿಯುತ್ತದೆ.

ನಾಲ್ಕು ಪದ ಆಚೀಚೆ ಮಾಡಿ ಪ್ಯಾರಾ ತಮ್ಮದೇ ಅನ್ನುವವರೂ ಇದ್ದಾರೆ. ಅವರದು ಬೇಗ ಸಿಕ್ಕಿಬೀಳುತ್ತದೆ. ವಾದದ ಸರಣಿ ಅದೇ ಇರುತ್ತದಲ್ಲ.

ಹಳೆಯ ಸಂಪುಟಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹಾಗಾಗಿ ಈಗ ನನ್ನ ಹತ್ತಿರ ಬರುವವರು ಉಲ್ಲೇಖಿಸಿದ ಪ್ರತಿ ಶಾಸನಕ್ಕೂ ಆ ಪುಟದ ಫೋಟೋ ಜೊತೆಗಿಡಬೇಕು, ಆವೃತ್ತಿಯ ವರ್ಷವನ್ನೂ ಬರೆಯಬೇಕು. ಗೊಣಗುತ್ತಾರೆ. ಗೊಣಗಲಿ.