ತುಮರಿ ಕಡೆಯ ಒಂದು ಒರಳುಕಲ್ಲು

ಜೋಗದ ಬಗ್ಗೆ ನಾನು ಬರೆಯಲ್ಲ. ಬೇಸಿಗೆಯಲ್ಲಿ ಅಲ್ಲಿ ನೀರಿಗಿಂತ ಬಂಡೆ ಜಾಸ್ತಿ, ಬಂಡೆಗಿಂತ ಸೆಲ್ಫಿ ಜಾಸ್ತಿ. ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದಲ್ಲಿ ಒಂದು ಮಧ್ಯಾಹ್ನ ತಂಪಾಗಿ ಕಳೆಯಿತು. ಅದೂ ಇರಲಿ. ನಾನು ಹೇಳಬೇಕಿರುವುದು ಶರಾವತಿ ಹಿನ್ನೀರಿನ ಕತೆ, ತುಮರಿ ಕಡೆಯದು.

ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮೇ ಹೊತ್ತಿಗೆ ಅದು ಎಷ್ಟೋ ಕೆಳಗೆ ಇಳಿದಿರುತ್ತದೆ. ಆಗ ಕೆಂಪು ಮಣ್ಣಿನ ಇಳಿಜಾರು ಕಾಣುತ್ತದೆ, ಅದರ ತುಂಬ ಕಪ್ಪು ಮರದ ಬೊಡ್ಡೆಗಳು. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡು ಅದು. ಊರುಗಳೂ ಮುಳುಗಿದವು. ಮೊದಲೇ ಕಟ್ಟಿದ್ದ ಮಡೇನೂರು ಅಣೆಕಟ್ಟೂ ಅದೇ ನೀರಿನಡಿ ಹೋಯಿತು. ನೀರು ತೀರಾ ಇಳಿದ ವರ್ಷ ಮಾತ್ರ ತಲೆ ಎತ್ತುತ್ತದೆ.

ಸಿಗಂದೂರಿಗೆ ಹೋಗುವವರು ಈಗ ಲಾಂಚ್‌ಗೆ ಕಾಯಬೇಕಿಲ್ಲ. 2025ರ ಜುಲೈನಲ್ಲಿ ಸೇತುವೆ ಆಗಿದೆ. 2 ಕಿ.ಮೀ.ಗೂ ಜಾಸ್ತಿ ಉದ್ದ, ಕೇಬಲ್ ಎಳೆದು ಕಟ್ಟಿದ್ದು. ಫೋಟೋಗೆ ಹೇಳಿ ಮಾಡಿಸಿದ್ದು. ತೊಂದರೆಯೂ ಅದೇ. ಕ್ಯಾಮೆರಾ ಹಿಡಿದು ಬಂದವರೆಲ್ಲ ಹಿಂದೆ ಸೂರ್ಯನನ್ನಿಟ್ಟು ಅದನ್ನೇ ತೆಗೆಯುತ್ತಾರೆ, ಆಮೇಲೆ ಬಣ್ಣ ಏರಿಸಿ ಏರಿಸಿ ಆಕಾಶವನ್ನು ಮದುವೆಮನೆ ಸೀರಿಯಲ್ ಲೈಟಿನ ಹಾಗೆ ಮಾಡಿಬಿಡುತ್ತಾರೆ.

ನಾನೂ ಸೇತುವೆಗೆಂದೇ ಶಿವಮೊಗ್ಗದಲ್ಲಿ ದೂರದ್ದನ್ನು ಹತ್ತಿರ ತರುವ 70-200 ಲೆನ್ಸ್ ಬಾಡಿಗೆಗೆ ತಗೊಂಡಿದ್ದೆ. ಸೂರ್ಯನ ಕಡೆ ತಿರುಗಿಸಿದರೆ ಚಿತ್ರವೆಲ್ಲ ಬೆಳ್ಳಗೆ ಮಸುಕು. ಒರೆಸಿದೆ, ಮತ್ತೆ ಒರೆಸಿದೆ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದರೆ ಒಳಗಿನ ಗಾಜಿನ ಮೇಲೆ ಸಣ್ಣ ಬಿಳಿ ಎಳೆಗಳು. ಫಂಗಸ್! ಮಲೆನಾಡಿನ ಥಂಡಿಯಲ್ಲಿ ಸುಮ್ನೆ ಕಪಾಟಿನಲ್ಲಿಟ್ಟ ಲೆನ್ಸಿಗೆ ಇದು ಹಿಡಿಯುವುದೇ. ಬಾಡಿಗೆಗೆ ಕೊಡುವವರು ನೋಡಬೇಕಲ್ವಾ? ಫೋನ್ ಮಾಡಿದರೆ "ಇಷ್ಟು ದಿನ ಯಾರೂ ಏನೂ ಹೇಳಿಲ್ಲ ಸರ್" ಅಂದರು. ನಾನು ಹೇಳುತ್ತಿದ್ದೇನಲ್ಲ ಮಾರಾಯ! ನೀವು ಬಾಡಿಗೆಗೆ ತಗೊಂಡರೆ ಅಂಗಡಿಯಲ್ಲೇ ಎರಡೂ ಕಡೆ ಕ್ಯಾಪ್ ತೆಗೆಯಿರಿ. ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ಅವರು ಮುಖ ಗಂಟು ಹಾಕಿಕೊಂಡರೂ ನೋಡಿ.

ಉಳಿದದ್ದು ನನ್ನ ಹಳೇ 35 ಎಂ.ಎಂ. ಲೆನ್ಸ್. ಅದರಲ್ಲಿ ದೂರದ್ದು ಹತ್ತಿರ ಬರಲ್ಲ, ನಾವೇ ಹೋಗಬೇಕು. ಇಳಿಜಾರು ಇಳಿದೆ. ಬೊಡ್ಡೆಗಳ ಮಧ್ಯೆ ಒಂದು ಒರಳುಕಲ್ಲು, ಅರ್ಧ ಮಣ್ಣಿನಲ್ಲಿ. ಸುತ್ತ ಕೆಸರು ಒಣಗಿ ಬಿರುಕು ಬಿಟ್ಟಿತ್ತು. ನಿಂತುಕೊಂಡು ಎಲ್ಲ ಸೇರಿಸಿ ತೆಗೆದೆ: ಸೇತುವೆ, ಸೂರ್ಯ, ಬೊಡ್ಡೆ, ಕೆಳಗೆ ಒರಳು. ಅಷ್ಟರಲ್ಲಿ ಮೋಡ ಬಂದು ಬೆಳಕು ಸಪ್ಪಗಾಯಿತು. ಮಂಡಿಯೂರಿ ಒರಳನ್ನು ಮೂಲೆಗಿಟ್ಟು, ಅದರ ಹಿಂದಿನ ಖಾಲಿ ಇಳಿಜಾರನ್ನೂ ಸೇರಿಸಿ ಇನ್ನೊಂದು ತೆಗೆದೆ.

ಸಂಜೆ ಉಳಿದುಕೊಂಡ ಮನೆಯಲ್ಲಿ ಅಜ್ಜಿ ಜಗಲಿ ಮೇಲೆ ಕೂತು ಹಲಸಿನಕಾಯಿ ಹಪ್ಪಳ ತಟ್ಟುತ್ತಿದ್ದರು. "ಎಂತ ತೆಗ್ದೆ ಇಡೀ ದಿನ? ತೋರ್ಸು" ಅಂದರು. ಕೈಯೆಲ್ಲ ಎಣ್ಣೆ. ಕ್ಯಾಮೆರಾ ನಾನೇ ಹಿಡಿದೆ. ಒಂದೊಂದಕ್ಕೂ ಗಲ್ಲ ಎತ್ತಿ "ಮುಂದೆ" ಅನ್ನುತ್ತಿದ್ದರು. ಸೇತುವೆ ಬಂತು. ಮೊಮ್ಮಗ ಇಣುಕಿ, "ಸೂಪರ್ ಅಣ್ಣಾ, ಕಳ್ಸಿ, ಸ್ಟೇಟಸ್ಸಿಗೆ ಹಾಕ್ತೀನಿ" ಅಂದ.

"ಸೂರ್ಯ ದಿನಾ ಮುಳುಗ್ತಾನೆ. ಮುಂದೆ" ಅಂದರು ಅಜ್ಜಿ.

ಒರಳಿನ ಚಿತ್ರ ಬಂದಾಗ ಗಲ್ಲ ಎತ್ತಲಿಲ್ಲ. ಬಾಳೆಲೆಗೆ ಕೈ ಒರೆಸಿಕೊಂಡು ಹತ್ತಿರ ಬಂದರು.

"ಇದ್ರಲ್ಲಿ ನೀರು ನಿಂತಿತ್ತಾ?"

"ಇಲ್ಲ ಅಜ್ಜಿ, ಒಣಗಿತ್ತು. ಮಣ್ಣಿತ್ತು."

"ಗುಂಡು?"

"ಇರಲಿಲ್ಲ."

"ಇರಲ್ಲ. ಒರಳು ಹೊರೋಕೆ ಆಗ್ತದಾ? ಗಾಡಿಯಲ್ಲಿ ಜಾಗ ಇರ್ಲಿಲ್ಲ. ಗುಂಡು ಮಾತ್ರ ತಂದ್ವಿ. ಅಗೋ."

ಬಾಗಿಲು ಬಡಿಯದ ಹಾಗೆ ಅಡ್ಡ ಇಟ್ಟಿದ್ದ ಕಲ್ಲನ್ನು ತೋರಿಸಿದರು. ಬೆಳಗಿನಿಂದ ಅದನ್ನು ದಾಟಿಕೊಂಡೇ ಓಡಾಡಿದ್ದೆ. ಕೆಳಗೆ ಉಬ್ಬಿ ನುಣ್ಣಗೆ ಸವೆದ ಕರಿಕಲ್ಲು.

"ಹಾಗಾದ್ರೆ ಇದು ನಿಮ್ಮನೆ ಒರಳಾ?"

"ಯಾರದ್ದೋ. ಎಲ್ರೂ ಬಿಟ್ಟೇ ಬಂದಿದ್ದು." ಆಮೇಲೆ ಬೆರಳಿನ ಗೆಣ್ಣಿನಲ್ಲಿ ಆ ಖಾಲಿ ಇಳಿಜಾರನ್ನು ತೋರಿಸಿದರು. "ಒರಳು ಇಲ್ಲಿದ್ರೆ ಅಡುಗೆ ಮನೆ ಈ ಬದಿಗೆ. ಹಿತ್ಲು ಬಾಗಿಲು ಇಲ್ಲಿ. ಬಚ್ಚಲು ಆ ಕಡೆ. ಕೊಟ್ಟಿಗೆ ನಿನ್ನ ಫೋಟೋದಿಂದ ಹೊರಗೆ ಹೋಯ್ತು ನೋಡು." ಮಾತು ಅಲ್ಲಿಂದ ದನಗಳಿಗೆ ಹೋಯಿತು, ಸಾಗರದ ಸಂತೆಗೆ ಹೋಯಿತು, ಊರು ಬಿಡುವಾಗ ಬರಲೊಪ್ಪದ ಒಂದು ಎಮ್ಮೆಗೆ ಹೋಯಿತು. ಎಮ್ಮೆಯ ಕತೆ ಹೇಳುವಾಗ ನಕ್ಕರು, ಕಣ್ಣಲ್ಲಿ ನೀರೂ ಬಂತು. ಹಪ್ಪಳದ ಹಿಟ್ಟು ಅಲ್ಲೇ ಒಣಗುತ್ತಿತ್ತು. ಸೊಸೆ ಒಳಗಿಂದ ಎರಡು ಸಲ ಕೂಗಿದರು.

ರಾತ್ರಿ ಎರಡೂ ಚಿತ್ರ ಮತ್ತೆ ನೋಡಿದೆ. ಮೊದಲನೆಯದರಲ್ಲೂ ಅದೇ ಒರಳು ಇದೆ, ಅಜ್ಜಿಗೆ ಕಾಣಲಿಲ್ಲ. ಚಿತ್ರದಲ್ಲಿ ಬೆಳಕು ಜಾಸ್ತಿ ಇದ್ದ ಕಡೆಗೇ ಕಣ್ಣು ಮೊದಲು ಓಡುವುದು, ಅದು ಸೂರ್ಯನ ಹತ್ತಿರವೇ ಮುಗಿದುಹೋಗಿತ್ತು. ಎರಡನೆಯದರಲ್ಲಿ ನೋಡಲು ಏನೂ ಇಲ್ಲ, ಅದಕ್ಕೇ ಅಜ್ಜಿ ಅಲ್ಲಿ ಮನೆ ಕಟ್ಟಿದರು.

ಹೊರಡುವಾಗ, "ಅದನ್ನ ದೊಡ್ಡದು ಮಾಡ್ಸಿ ಕಳ್ಸು. ಸೇತುವೆದು ಬೇಡ" ಅಂದರು. ಅಜ್ಜಿಯದೇ ಒಂದು ತೆಗೆಯಲಾ ಅಂದರೆ, ಸೀರೆ ಸರಿಯಿಲ್ಲ ಅಂತ ಒಪ್ಪಲಿಲ್ಲ.

ಶಿವಮೊಗ್ಗದಲ್ಲಿ ಪ್ರಿಂಟಿಗೆ ಕೊಟ್ಟೆ. ಲ್ಯಾಬಿನ ಹುಡುಗ ಪರದೆ ಮೇಲೆ ನೋಡಿ, "ಬ್ಲ್ಯಾಕ್ ಅಂಡ್ ವೈಟ್ ಮಾಡ್ಲಾ ಸರ್? ಫೀಲ್ ಬರುತ್ತೆ" ಅಂದ. ಬೇಡ ಅಂದೆ. ಆ ಮಣ್ಣು ಕೆಂಪಗೇ ಇರಬೇಕು, ಮ್ಯಾಟ್ ಪೇಪರಿನಲ್ಲಿ ಹಾಕು, ಅಂಚು ಕತ್ತರಿಸಬೇಡ ಅಂದೆ. ಕೊಟ್ಟಿಗೆ ಮೊದಲೇ ಹೊರಗೆ ಹೋಗಿದೆ, ಬಚ್ಚಲೂ ಹೋದರೆ ಅಜ್ಜಿ ನನ್ನನ್ನು ಸುಮ್ಮನೆ ಬಿಡುವವರಲ್ಲ.