ಟೆಸ್ಲಾ ತಂತಿ ಇಲ್ಲದೆ ಕರೆಂಟ್ ಕಳಿಸ್ತಿದ್ದನಾ?

ನಾನು ಫಿಸಿಕ್ಸ್ ಪಾಠ ಮಾಡುವವನು ಅಂತ ಗೊತ್ತಾದರೆ ಸಾಕು, ಮದುವೆಮನೆಯ ಊಟದ ಪಂಕ್ತಿಯಲ್ಲೂ ಯಾರಾದರೊಬ್ಬರು ಇದನ್ನೇ ಕೇಳುತ್ತಾರೆ. "ಸಾರ್, ಟೆಸ್ಲಾ ಅನ್ನೋ ವಿಜ್ಞಾನಿ ನೂರು ವರ್ಷದ ಹಿಂದೆಯೇ ತಂತಿ ಇಲ್ಲದೆ ಪ್ರಪಂಚಕ್ಕೆಲ್ಲ ಪುಕ್ಕಟೆ ಕರೆಂಟ್ ಕೊಡೋಕೆ ಹೊರಟಿದ್ದನಂತೆ, ಮಾರ್ಗನ್ ಅನ್ನೋ ಸಾಹುಕಾರ ದುಡ್ಡು ನಿಲ್ಲಿಸಿ ಹಾಳು ಮಾಡಿದನಂತೆ, ನಿಜಾನಾ?"

ದುಡ್ಡು ನಿಂತಿದ್ದು ನಿಜ. ಆದರೆ ದುಡ್ಡು ಬಂದಿದ್ದರೂ ಕರೆಂಟ್ ಬರ್ತಿರಲಿಲ್ಲ.

ಟೆಸ್ಲಾ ಕರೆಂಟನ್ನು ರೇಡಿಯೋ ತರ ಗಾಳಿಯಲ್ಲಿ ಹಾರಿಸಲು ಹೊರಟಿದ್ದ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಅಲ್ಲ. ಹಾಗೆ ಸುತ್ತಲೂ ಚೆಲ್ಲಿಹೋಗುವ ಅಲೆ ಅವನ ಪ್ರಕಾರ ಬರೀ ದಂಡ. ಅವನು ತಂತಿಯ ಬದಲು ಬಳಸಬೇಕು ಅಂದುಕೊಂಡಿದ್ದು ಭೂಮಿಯನ್ನೇ. 1900ರ ಪೇಟೆಂಟಿನಲ್ಲಿ ಬಲೂನು ಏರಿಸಿ, ಮೇಲಿನ ತೆಳು ಗಾಳಿಯೊಳಗೆ ಕರೆಂಟ್ ಹರಿಸುವ ಯೋಚನೆಯೂ ಇತ್ತು. ಆಮೇಲೆ ಅವನ ಒಲವೆಲ್ಲ ನೆಲದ ಕಡೆಗೇ ತಿರುಗಿತು.

ಒಂದು ಬಕೆಟ್ಟಿನಲ್ಲಿ ನೀರು ತುಂಬಿ ಅಂಗೈಯಿಂದ ಮೆಲ್ಲಗೆ ತಳ್ಳಿ ನೋಡಿ. ಸುಮ್ನೆ ಹೇಗೆಂದರೆ ಹಾಗೆ ತಳ್ಳಿದರೆ ಏನೂ ಆಗಲ್ಲ, ನೀರಿನ ಓಲಾಟಕ್ಕೆ ಸರಿಯಾಗಿ ತಾಳ ಹಿಡಿದು ತಳ್ಳಿದರೆ ನಾಲ್ಕೇ ಸಲಕ್ಕೆ ಅಂಚು ದಾಟಿ ಚೆಲ್ಲುತ್ತೆ. ಟೆಸ್ಲಾ ಭೂಮಿಯೊಳಗಿನ ವಿದ್ಯುತ್ತಿಗೂ ಇದನ್ನೇ ಮಾಡಬೇಕು ಅಂದುಕೊಂಡಿದ್ದ: ಒಂದು ಕಡೆ ದೊಡ್ಡ ಕಾಯಿಲ್ (ತಂತಿಯ ಸುರುಳಿ), ಮೇಲೊಂದು ಗುಮ್ಮಟ, ಕೆಳಗೆ ಆಳಕ್ಕೆ ಇಳಿದ ಅರ್ಥಿಂಗ್, ತಾಳ ತಪ್ಪದೆ ನೆಲಕ್ಕೆ ಕರೆಂಟ್ ನೂಕುತ್ತಾ ಎಳೆಯುತ್ತಾ ಇದ್ದರೆ ಇಡೀ ಭೂಮಿ ಓಲಾಡುತ್ತೆ, ಲೋಕದ ಯಾವ ಮೂಲೆಯಲ್ಲಾದರೂ ಅದೇ ತಾಳಕ್ಕೆ ಟ್ಯೂನ್ ಮಾಡಿದ ಕಾಯಿಲನ್ನು ನೆಲಕ್ಕೆ ಸಿಕ್ಕಿಸಿ ದೀಪ ಹಚ್ಚಬಹುದು. ಕರೆಂಟ್ ಹುಟ್ಟಿಸಲು ಮಾತ್ರ ನಯಾಗರದಂಥ ಜಲಪಾತ ಬೇಕೇ ಬೇಕಿತ್ತು. ಪುಕ್ಕಟೆ ಎಲ್ಲಿಂದ ಬಂತೋ!

ಈ ನಂಬಿಕೆ ಅವನಿಗೆ ಗಟ್ಟಿಯಾದದ್ದು 1899ರ ಜುಲೈನಲ್ಲಿ, ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸಿನಲ್ಲಿ. ಗುಡುಗು ಮಳೆ ದೂರ ಸರಿಯುತ್ತಿತ್ತು. ಅವನ ಉಪಕರಣದಲ್ಲಿ ಸಿಡಿಲಿನ ವಿದ್ಯುತ್ ಸಂಕೇತ ಸುಮ್ನೆ ಕಮ್ಮಿಯಾಗುತ್ತಾ ಹೋಗಲಿಲ್ಲ, ಕಮ್ಮಿಯಾಗಿ ಮತ್ತೆ ಜೋರಾಯಿತು, ಮತ್ತೆ ಕಮ್ಮಿಯಾಯಿತು. ಭೂಮಿಯಲ್ಲಿ ನಿಂತ ಅಲೆ, ಅಂದರೆ ಮುಂದೆ ಸಾಗದೆ ಇದ್ದಲ್ಲೇ ಓಲಾಡುವ ಅಲೆ ಇದೆ, ಭೂಮಿ ಗಂಟೆಯ ಹಾಗೆ ಮೊಳಗುತ್ತೆ ಅಂತ ಅವನು ತೀರ್ಮಾನಿಸಿದ.

ಎಡವಿದ್ದು ಅಲ್ಲೇ. ನೆಲಕ್ಕೂ ಮೇಲಿನ ಅಯಾನುಗೋಳಕ್ಕೂ (ಬಲು ಎತ್ತರದಲ್ಲಿ ಕರೆಂಟ್ ಹರಿಯಬಲ್ಲ ಗಾಳಿಯ ಪದರ) ನಡುವೆ ನಿಜಕ್ಕೂ ಒಂದು ತಾಳ ಇದೆ, ಸೆಕೆಂಡಿಗೆ ಸುಮಾರು 8 ಸಲ, ಸಿಡಿಲುಗಳೇ ಅದನ್ನು ಎಬ್ಬಿಸುತ್ತಿರುತ್ತವೆ. ಆದರೆ ಆ ಗಂಟೆ ಮೊಳಗಲ್ಲ. ಅಕ್ಕಿಮೂಟೆಗೆ ಹೊಡೆದ ಹಾಗೆ, ಕೆಲವೇ ಓಲಾಟಕ್ಕೆ ಸತ್ತುಹೋಗುತ್ತೆ. ಟೆಸ್ಲಾ ಬಳಸಿದ್ದ ತಾಳವಂತೂ ಇದಕ್ಕಿಂತ ಸಾವಿರಾರು ಪಟ್ಟು ವೇಗದ್ದು. ತುಂಬಿದ ಶಕ್ತಿ ನಿಂತರೆ ತಾನೆ ಇನ್ನೊಬ್ಬ ತೆಗೆದುಕೊಳ್ಳುವುದು?

ಇನ್ನು ಮಾರ್ಗನ್. ಅವನು 1,50,000 ಡಾಲರ್ ಕೊಟ್ಟಿದ್ದು ಅಟ್ಲಾಂಟಿಕ್ ಆಚೆಗೆ ಸುದ್ದಿ ಕಳಿಸುವುದಕ್ಕೆ, ಕರೆಂಟಿಗಲ್ಲ. ಆ ದುಡ್ಡಿನಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲ್ಯಾಂಡಿನಲ್ಲಿ 187 ಅಡಿ ಎತ್ತರದ ವಾರ್ಡನ್‌ಕ್ಲಿಫ್ ಗೋಪುರ ಏಳುತ್ತಿದ್ದಾಗಲೇ, 1901ರ ಡಿಸೆಂಬರಿನಲ್ಲಿ ರೇಡಿಯೋ ಖ್ಯಾತಿಯ ಮಾರ್ಕೋನಿ ತುಂಬಾ ಕಮ್ಮಿ ಸಾಮಾನಿನಲ್ಲಿ ಆ ಕೆಲಸ ಮಾಡಿ ತೋರಿಸಿಬಿಟ್ಟ. ಆಮೇಲೆ ಟೆಸ್ಲಾ ಕರೆಂಟ್ ಕಳಿಸುವ ಮಾತು ತೆಗೆದು ಇನ್ನಷ್ಟು ಕೇಳಿದರೆ ಯಾವ ಸಾಹುಕಾರ ಕೊಡ್ತಾನೆ ಹೇಳಿ. 1917ರಲ್ಲಿ ಗೋಪುರವನ್ನು ಕೆಡವಿದರು.

ಕಿಡಿಗಳ ಮಳೆಯ ಕೆಳಗೆ ಟೆಸ್ಲಾ ಆರಾಮಾಗಿ ಕೂತ ಫೋಟೋ ತೋರಿಸಿ ಆಮೇಲೂ ವಾದ ಮಾಡುವವರಿದ್ದಾರೆ. ಅದು ಒಂದೇ ಫೋಟೋ ಪ್ಲೇಟಿನ ಮೇಲೆ ಎರಡು ಸಲ ತೆಗೆದ ಚಿತ್ರ. ಕಿಡಿ ಹಾರುವಾಗ ಅವನು ಅಲ್ಲಿರಲೇ ಇಲ್ಲ.

ಹತ್ತಿರಕ್ಕಾದರೆ ಈ ತಾಳದ ಉಪಾಯ ನಡೆಯುತ್ತೆ. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು ಎರಡು ಮೀಟರ್ ದೂರದ 60 ವ್ಯಾಟ್ ಬಲ್ಬು ಹೊತ್ತಿಸಿದರು, ಅಷ್ಟಕ್ಕೇ ಅರ್ಧಕ್ಕಿಂತ ಜಾಸ್ತಿ ಸೋರಿಹೋಗಿತ್ತು. ಅತ್ತ ವಾರ್ಡನ್‌ಕ್ಲಿಫ್ ಏಳುತ್ತಿದ್ದ 1902ರಲ್ಲೇ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ತಂತಿ ಎಳೆದು ಕರೆಂಟ್ ಕೊಟ್ಟರು. ಅದು ಮೂರು ಫೇಸಿನ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್. ಹಲವು ಫೇಸಿನ ಎಸಿಗೆ 1888ರಲ್ಲಿ ಪೇಟೆಂಟ್ ಪಡೆದವನು ಇದೇ ಟೆಸ್ಲಾ.