ಅದು ನನ್ ಕೂದ್ಲು ಕಣ್ರೋ

2018ರ ಮೇ ತಿಂಗಳ ಕೊನೆಯ ಭಾನುವಾರ. ದೊಡ್ಡಮ್ಮನನ್ನು ನೋಡಿಕೊಂಡು ಬರೋಣ ಎಂದು ಶಿರಾ ಕಡೆಯ ನಮ್ಮೂರಿಗೆ ಹೋಗಿದ್ದೆ. ಬೇಸಿಗೆ ರಜೆ ಇನ್ನೇನು ಮುಗಿಯುವುದರಲ್ಲಿತ್ತು. ಮಕ್ಕಳೆಲ್ಲ ಬೀದಿಯಲ್ಲೇ ಇರಬೇಕಾದ ಹೊತ್ತು ಅದು. ಆದರೆ ಬೀದಿಯಲ್ಲಿ ಒಂದು ಮಗುವೂ ಇರಲಿಲ್ಲ.

ಆಗ ಎಲ್ಲರ ಫೋನಿನಲ್ಲೂ ಒಂದೇ ವಿಡಿಯೋ ಓಡಾಡುತ್ತಿತ್ತು. ಬೈಕಿನಲ್ಲಿ ಬಂದ ಇಬ್ಬರು, ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ವಿಡಿಯೋ. ಕೊನೆಯಲ್ಲಿ ಅವರೇ ಮಗುವನ್ನು ವಾಪಸ್ ತಂದು ಬಿಡುತ್ತಾರೆ, ಒಂದು ಫಲಕ ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿ ಹಾಕಿದ್ದರು.

ನಾಲ್ಕು ದಿನ ಮುಂಚೆ, ಮೇ 23ರಂದು, ವಿಧಾನಸೌಧದ ಮುಂದೆ ಹೊಸ ಮುಖ್ಯಮಂತ್ರಿಯ ಪ್ರಮಾಣವಚನ ನಡೆದಿತ್ತು. ಅದೇ ದಿನ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ 26 ವರ್ಷದ ಹುಡುಗನೊಬ್ಬನನ್ನು ಮಕ್ಕಳ ಕಳ್ಳ ಅಂದುಕೊಂಡು ಕಟ್ಟಿಹಾಕಿ, ಬೀದಿಯಲ್ಲಿ ಎಳೆದಾಡಿ, ಹೊಡೆದು ಕೊಂದಿದ್ದರು. ನಾನು ಆ ಸುದ್ದಿ ಓದಿದ್ದೆ. ಆ ಜನರನ್ನು ಬಾಯಿಗೆ ಬಂದಂತೆ ಬೈದಿದ್ದೆ. ಊರಿಗೆ ಹೋಗುವಾಗ ಇದೆಲ್ಲ ನನಗೆ ಗೊತ್ತೇ ಇತ್ತು. ಇದನ್ನು ಮೊದಲೇ ಹೇಳಿಬಿಡಬೇಕು.

ಹನ್ನೊಂದು ಗಂಟೆ ಇರಬಹುದು. ಅರಳಿಕಟ್ಟೆ ಕಡೆಯಿಂದ ಕೂಗು ಕೇಳಿಸಿತು. 'ಸಿಕ್ಕಿಬಿದ್ದ, ಸಿಕ್ಕಿಬಿದ್ದ' ಅಂತ. ನಾನೂ ಓಡಿದೆ. ಮೂವತ್ತು ನಲವತ್ತು ಜನ ಆಗಲೇ ಸೇರಿದ್ದರು. ನಡುವೆ ತೆಳ್ಳನೆಯ ಒಬ್ಬ ಹುಡುಗ. ತುಟಿ ಒಡೆದಿತ್ತು. ಪಕ್ಕದಲ್ಲಿ ಅವನ ಸೈಕಲ್ ಬಿದ್ದಿತ್ತು. ಪ್ಲಾಸ್ಟಿಕ್ ಬುಟ್ಟಿ, ಮಗ್ಗು, ಬಲೂನು ಎಲ್ಲ ಮಣ್ಣಿನಲ್ಲಿ ಚೆಲ್ಲಾಪಿಲ್ಲಿ. ಒಂದು ಮಗುವಿನ ಕೈಗೆ ಬಲೂನು ಕೊಟ್ಟನಂತೆ. ಅಷ್ಟೇ ಸಾಕಾಗಿತ್ತು.

'ಹೊಡೀಬ್ಯಾಡ್ರಿ ಯಪ್ಪಾ, ಕೂದಲಾ ತಗೊಳ್ಳಾಕ ಬಂದೀನ್ರಿ' ಎನ್ನುತ್ತಿದ್ದ. ಅಚ್ಚ ಕನ್ನಡ. ಆದರೆ ನಮ್ಮ ಕಡೆಯ ಮಾತಲ್ಲ. 'ನೋಡು, ಮಾತೇ ಬೇರೆ ಥರ ಇದೆ' ಎಂದು ಒಬ್ಬರು ಹೇಳಿದರು. ನಮ್ಮದೇ ಭಾಷೆ ಆಡಿದವನು ನಾಲ್ಕು ಜಿಲ್ಲೆ ದಾಟಿದ್ದಕ್ಕೆ ಪರದೇಶಿಯಾಗಿಬಿಟ್ಟ.

ಅಷ್ಟರಲ್ಲಿ ಯಾರೋ ಅವನ ಚೀಲ ಬಿಚ್ಚಿ ಸುರಿದರು. ಒಳಗೆ ಬರೀ ಕೂದಲು. ಉಂಡೆ ಉಂಡೆ ಕೂದಲು. ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಎದ್ದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. 'ಮಕ್ಕಳ ತಲೆ ಬೋಳಿಸಿದ್ದಾನೆ!'

ಆ ಹೊತ್ತಿಗೆ ಅವನ ಕೊರಳಪಟ್ಟಿ ನನ್ನ ಕೈಯಲ್ಲಿತ್ತು. ನಾನು ಯಾವಾಗ ಹಿಡಿದೆ, ನೆನಪಿಲ್ಲ. ಹಿಡಿದಿದ್ದು ಮಾತ್ರ ನಿಜ. ನನ್ನ ಮಗಳಿಗೆ ಆಗ ಐದು ವರ್ಷ. ಅವಳ ಎರಡು ಜಡೆ ಕಣ್ಣ ಮುಂದೆ ಬಂತು. ಮೈ ಬಿಸಿಯಾಯಿತು. ಹೇಳಲು ಸಂಕಟವಾಗುತ್ತದೆ, ಆದರೂ ಹೇಳುತ್ತೇನೆ: ಆ ಗಳಿಗೆಯಲ್ಲಿ ನನಗೆ ತಪ್ಪು ಮಾಡುತ್ತಿದ್ದೇನೆ ಅಂತ ಅನ್ನಿಸಲೇ ಇಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಅನ್ನಿಸಿತ್ತು. ಸುತ್ತ ಇದ್ದವರೆಲ್ಲ ನನ್ನವರು, ನಾವೆಲ್ಲ ಒಂದು ಅನ್ನಿಸಿತ್ತು. ಅದರಲ್ಲಿ ಒಂದು ಸುಖ ಇತ್ತು.

ಆಗ ಹಿಂದಿನಿಂದ ದೊಡ್ಡಮ್ಮನ ದನಿ ಬಂತು. 'ಬಿಡ್ರೋ, ಬಿಡ್ರೋ ಅವನ್ನ!' ಎಪ್ಪತ್ತು ದಾಟಿದ ಹೆಂಗಸು, ಸೊಂಟ ಬಗ್ಗಿದೆ. ಜನರನ್ನು ತಳ್ಳಿಕೊಂಡು ಒಳಗೆ ಬಂದಳು. ನೆಲದ ಮೇಲಿದ್ದ ರಾಶಿಯಿಂದ ಒಂದು ಬಿಳಿ ಉಂಡೆ ಎತ್ತಿ ಹಿಡಿದಳು. 'ಅದು ನನ್ ಕೂದ್ಲು ಕಣ್ರೋ! ಬೆಳಿಗ್ಗೆ ನಾನೇ ಕೊಟ್ಟು ಮಗ್ಗು ಇಸ್ಕೊಂಡಿದೀನಿ. ಮಕ್ಳಿಗೆ ಬಿಳೀ ಕೂದ್ಲು ಇರ್ತದೇನ್ರೋ?'

ಬಾಚುವಾಗ ಉದುರಿದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸಿಡುವುದು ನಮ್ಮ ಹೆಂಗಸರೆಲ್ಲರಿಗೂ ರೂಢಿ. ಅದನ್ನು ಕೊಳ್ಳಲು ಊರೂರು ಸುತ್ತುವವರಿದ್ದಾರೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಈ ಕೂದಲನ್ನು ಬಿಡಿಸಿ, ತೊಳೆದು, ಹೊರದೇಶಕ್ಕೆ ಕಳಿಸುವ ದೊಡ್ಡ ವ್ಯಾಪಾರವೇ ಇದೆ. ಈ ಹುಡುಗನೂ ಆ ಕಡೆಯವನೇ. ಅಲ್ಲಿ ನಿಂತಿದ್ದ ಅರ್ಧ ಜನರ ಮನೆಯ ಕೂದಲು ಆ ಚೀಲದಲ್ಲಿತ್ತು.

ಜನ ಒಬ್ಬೊಬ್ಬರಾಗಿ ಕರಗಿದರು. 'ಅಯ್ಯೋ ಪಾಪ, ಅಮಾಯಕ' ಅನ್ನುತ್ತಾ ಹೋದರು. ಮೊದಲು ಹೊಡೆದವನೇ ನೀರು ತಂದುಕೊಟ್ಟ. ಅವನು ನನ್ನ ಬಾಲ್ಯದ ಗೆಳೆಯ. ಒಳ್ಳೆಯ ಮನುಷ್ಯ, ಯಾರಿಗಾದರೂ ರಕ್ತ ಬೇಕೆಂದರೆ ರಾತ್ರಿ ಎದ್ದು ತುಮಕೂರಿಗೆ ಹೋಗುವವನು.

ಆ ಅಮಾಯಕ ಅನ್ನುವ ಮಾತೇ ಇಷ್ಟು ವರ್ಷ ನನ್ನನ್ನು ಕೊರೆದಿದೆ. ಅವನು ಅಮಾಯಕ ಅಂತ ಬಿಟ್ಟೆವು, ಸರಿ. ನಿಜಕ್ಕೂ ಕಳ್ಳನೇ ಆಗಿದ್ದರೆ? ಆಗ ಕೊಂದಿದ್ದರೂ ಸರಿಯಿತ್ತೇ? ಅದೇ ವರ್ಷ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರನ್ನು ಪಂಚಾಯಿತಿ ಕಚೇರಿಯ ಕೋಣೆಯಲ್ಲಿ ಕೂಡಿಹಾಕಿ ಹೊಡೆದು ಕೊಂದರು. ಜುಲೈ 13ರಂದು ನಮ್ಮ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬನನ್ನು ಕೊಂದರು. ಅವನ ಜೊತೆಗಾರರು ಮಕ್ಕಳಿಗೆ ಚಾಕಲೇಟ್ ಕೊಟ್ಟಿದ್ದರು. ಇಲ್ಲಿ ಬಲೂನು, ಅಲ್ಲಿ ಚಾಕಲೇಟ್. ಅಲ್ಲಿ ಕಾಪಾಡಲು ಹೋದ ಪೊಲೀಸರಿಗೂ ಪೆಟ್ಟು ಬಿತ್ತು. ಈ ಎಲ್ಲ ಸುದ್ದಿಯನ್ನೂ ನಾವು 'ಅಮಾಯಕರ ಸಾವು' ಅಂತಲೇ ಓದಿದೆವು.

2019ರ ಡಿಸೆಂಬರ್ 6ರಂದು ನಮ್ಮ ಆಫೀಸಿನಲ್ಲಿ ಲಾಡು ಹಂಚಿದರು. ಹೈದರಾಬಾದ್ ಹೊರವಲಯದಲ್ಲಿ ಪಶುವೈದ್ಯೆಯೊಬ್ಬಳನ್ನು ಅತ್ಯಾಚಾರ ಮಾಡಿ ಕೊಂದ ಪ್ರಕರಣದ ನಾಲ್ವರು ಆರೋಪಿಗಳನ್ನು ಪೊಲೀಸರು ಆ ಬೆಳಗಿನ ಜಾವ ಗುಂಡಿಟ್ಟು ಕೊಂದಿದ್ದರು. ಅಲ್ಲಿ ಜನ ಪೊಲೀಸರ ಮೇಲೆ ಹೂವು ಎರಚುತ್ತಿದ್ದರು. ನಾನು ಲಾಡು ತಿಂದೆ. ಆ ಹೆಣ್ಣುಮಗಳಿಗೆ ಆದದ್ದನ್ನು ನೆನೆದರೆ ಇಂದಿಗೂ ಹೊಟ್ಟೆ ಕಿವುಚುತ್ತದೆ. ಆದರೆ ಲಾಡು ಬಾಯಲ್ಲಿ ಇದ್ದಾಗಲೇ ಗೊತ್ತಾಯಿತು, ಅರಳಿಕಟ್ಟೆ ಮುಂದೆ ಆಗಿದ್ದ ಅದೇ ಸುಖ ಇದು.

ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಹೊರಬಂತು. ಕೊಲ್ಲಬೇಕೆಂದೇ ಗುಂಡು ಹಾರಿಸಿದ್ದಾರೆ, ನಾಲ್ವರಲ್ಲಿ ಮೂವರು ಅಪ್ರಾಪ್ತರು ಎಂದು ಅದರಲ್ಲಿತ್ತು. ಅವರೇ ಅಪರಾಧಿಗಳೋ ಅಲ್ಲವೋ ಎಂದು ಯಾವ ಕೋರ್ಟಿನಲ್ಲೂ ವಿಚಾರಣೆ ನಡೆಯಲೇ ಇಲ್ಲ. ಇನ್ನು ನಡೆಯುವುದೂ ಇಲ್ಲ.

ನನ್ನ ಗೆಳೆಯ ಇದನ್ನು ಒಪ್ಪುವುದಿಲ್ಲ. 'ಕೋರ್ಟ್ ಅಂದ್ರೆ ಹತ್ತು ವರ್ಷ ಕಣೋ. ದುಡ್ಡಿದ್ದವನು ಬೇಲ್ ತಗೊಂಡು ಓಡಾಡ್ತಾನೆ' ಎನ್ನುತ್ತಾನೆ. ಅವನು ಹೇಳುವುದರಲ್ಲಿ ಸುಳ್ಳಿಲ್ಲ. ಆ ಹತ್ತು ವರ್ಷಕ್ಕೆ ನನಗೂ ಸಿಟ್ಟು ಬರುತ್ತದೆ. ಆದರೆ ಕೂದಲಿನ ಚೀಲ ಬಿಚ್ಚಿದಾಗ ನಮಗೆ ಹತ್ತು ನಿಮಿಷವೂ ಬೇಕಾಗಿರಲಿಲ್ಲ, ಅಲ್ವಾ? ಕಣ್ಣಾರೆ ಕಂಡ ಸಾಕ್ಷಿ ಅಂದುಕೊಂಡಿದ್ದೆವು. ಒಬ್ಬರಾದರೂ ಬಗ್ಗಿ ನೋಡಲಿಲ್ಲ. ಬಗ್ಗಿ ನೋಡುವುದಕ್ಕೇ ಅಲ್ವಾ ಕೋರ್ಟು, ವಕೀಲರು, ಸಾಕ್ಷಿ ಎಲ್ಲ ಇರುವುದು? ಅದು ನಿಧಾನವಾದರೆ ಜಗಳ ಆಡೋಣ, ಜಡ್ಜ್‌ಗಳನ್ನು ಜಾಸ್ತಿ ಮಾಡಿ ಅಂತ ಕೇಳೋಣ. ಕೊರಳಪಟ್ಟಿ ಹಿಡಿಯುವ ಕೈಗೆ ಆ ಕೆಲಸ ವಹಿಸಲಾರೆ. ಅದು ಎಂಥ ಕೈ ಅಂತ ನನಗೆ ಗೊತ್ತು.

ಅವತ್ತು ಮಧ್ಯಾಹ್ನ ಪೊಲೀಸರು ಬಂದರು. ಹುಡುಗ ದೊಡ್ಡಮ್ಮನ ಜಗುಲಿಯ ಮೇಲೆ ಕೂತಿದ್ದ. ಅವಳೇ ಅರಿಶಿನ ಹಚ್ಚಿ, ಮುದ್ದೆ ಇಕ್ಕಿದ್ದಳು. ಅವನು ಮುದ್ದೆ ನುಂಗಲು ಬಾರದೆ, ಒಡೆದ ತುಟಿಯಲ್ಲಿ ಸುಮ್ನೆ ಸಾರು ಕುಡಿಯುತ್ತಿದ್ದ.

'ಯಾರ್ ಯಾರಿದ್ರಿ ಅಲ್ಲಿ?' ಎಂದು ಕೇಳಿದರು. ಎಲ್ಲರೂ ನೆಲ ನೋಡಿದರು. ನನ್ನ ಸರದಿ ಬಂತು.

'ನಾನು ಬರೋ ಹೊತ್ತಿಗೆ ಎಲ್ಲ ಮುಗಿದಿತ್ತು ಸಾರ್' ಎಂದೆ.

ಹುಡುಗ ತಲೆ ಎತ್ತಿ ನನ್ನ ಕಡೆ ನೋಡಿದ. ಏನೂ ಹೇಳಲಿಲ್ಲ. ದೊಡ್ಡಮ್ಮ ಅವನ ತಟ್ಟೆ ತೆಗೆದುಕೊಂಡು ಒಳಗೆ ಹೋದಳು. ಆ ರಾತ್ರಿ ಅವಳು ನನ್ನನ್ನು ಊಟಕ್ಕೆ ಕರೆಯಲಿಲ್ಲ.